ಎದೆಯ ಮೇಲೆ ಬಿದ್ದ ಕಾಗದ

ಪ್ರಶ್ನೆ: ನನಗೆ 43 ವರ್ಷ. ಊರು ಮದ್ದೂರಿನ ಕಡೆ. ಕೆಲಸ, ಸಂಸಾರ ಎಲ್ಲ ಮೈಸೂರಿನಲ್ಲಿ. ಒಂದು ವರ್ಷದಿಂದ ಒಂದೇ ಕನಸು ಮತ್ತೆ ಮತ್ತೆ ಬೀಳುತ್ತಿದೆ. ಅಮ್ಮ ಏನೋ ಕೆಲಸ ಹೇಳಿ ನನ್ನನ್ನು ಪೇಟೆಗೆ ಕಳಿಸುತ್ತಾರೆ. ಪೇಟೆ ತಲುಪುವಷ್ಟರಲ್ಲಿ ಬಂದ ಕೆಲಸವೇ ಮರೆತುಹೋಗಿರುತ್ತದೆ. ಒಂದು ಮೆಸ್ಸಿನಲ್ಲಿ ಮುದ್ದೆ, ಬಸ್ಸಾರು ಉಂಡು ಅಲ್ಲೇ ಬೆಂಚಿನ ಮೇಲೆ ಮಲಗಿಬಿಡುತ್ತೇನೆ. ಎದೆಯ ಮೇಲೆ ಒಂದು ಇನ್‌ಲ್ಯಾಂಡ್ ಕಾಗದ ಬಂದು ಬೀಳುತ್ತದೆ. ಕೈಬರಹ ಅಮ್ಮನದೆಂದು ಗೊತ್ತಾಗುತ್ತದೆ, ಆದರೆ ಬಿಡಿಸುವ ಮೊದಲೇ ಎಚ್ಚರವಾಗುತ್ತದೆ. ನಿಜದಲ್ಲಿ ನಮ್ಮ ಅಮ್ಮನಿಗೆ ಓದು ಬರಹ ಬಾರದು. ಸ್ನೇಹಿತರೊಬ್ಬರು ಇದು ಪ್ರಾಚೀನ ನಾಸ್ಟಿಕ್ ಪಂಥದ ರಹಸ್ಯ ಸಂಕೇತವೆಂದೂ, ಈ ಲೋಕವೇ ಒಂದು ಸೆರೆಮನೆಯೆಂದು ನನ್ನ ಆತ್ಮ ಎಚ್ಚರಿಸುತ್ತಿದೆಯೆಂದೂ ಹೇಳಿ ಒಂದು ವಿಡಿಯೊ ಕಳಿಸಿದರು. ಅಂದಿನಿಂದ ಮನಸ್ಸಿಗೆ ಸಮಾಧಾನವಿಲ್ಲ. (ಓದುಗರೊಬ್ಬರು, ಮೈಸೂರು)

ಉತ್ತರ: ಮೊದಲಿಗೆ ಒಂದು ಗೊಂದಲ ತೀರಿಸಿಬಿಡೋಣ. ಕನ್ನಡದಲ್ಲಿ ಬರೆದಾಗ ನಾಸ್ಟಿಕ್ ಎಂಬುದು ನಾಸ್ತಿಕನ ತಮ್ಮನಂತೆ ಕಾಣುತ್ತದೆ, ಎರಡಕ್ಕೂ ಸಂಬಂಧವಿಲ್ಲ. ಆ ಹೆಸರು ಬಂದದ್ದು ಗ್ರೀಕಿನ ‘ಗ್ನೋಸಿಸ್’ ಎಂಬ ಮಾತಿನಿಂದ, ಮತ್ತು ಅದು ನಮ್ಮ ‘ಜ್ಞಾನ’ ಶಬ್ದದ ದೂರದ ಬಂಧು. ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಈಜಿಪ್ಟ್, ಸಿರಿಯಾ ಮೊದಲಾದ ಕಡೆ ಹರಡಿದ್ದ ಈ ಪಂಥಗಳು ಒಂದೇ ಬಗೆಯವಲ್ಲವಾದರೂ, ಮನುಷ್ಯನೊಳಗೆ ಬೇರೊಂದು ಬೆಳಕಿನ ಲೋಕದ ಕಿಡಿಯಿದೆ, ಅದು ಇಲ್ಲಿ ನಿದ್ದೆಹೋಗಿದೆ, ತನ್ನ ಮೂಲವನ್ನು ಅರಿತಾಗ ಎಚ್ಚರಗೊಳ್ಳುತ್ತದೆ ಎಂಬ ಕಲ್ಪನೆ ಅವುಗಳಲ್ಲಿ ಹಲವಕ್ಕೆ ಸಮಾನವಾಗಿತ್ತು.

ನಿಮ್ಮ ಸ್ನೇಹಿತರಿಗೆ ನೆನಪಾದದ್ದು ಬಹುಶಃ ‘ಮುತ್ತಿನ ಹಾಡು’. ಸಂತ ಥಾಮಸರು ಭಾರತಕ್ಕೆ ಬಂದ ಕಥೆಯನ್ನು ಹೇಳುವ ಒಂದು ಪ್ರಾಚೀನ ಗ್ರಂಥದೊಳಗೆ ಸೇರಿಕೊಂಡು ಉಳಿದುಬಂದಿರುವ ಹಾಡು ಇದು. ಇದನ್ನು ಕಟ್ಟುನಿಟ್ಟಾಗಿ ನಾಸ್ಟಿಕ್ ಎನ್ನಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಪೂರ್ವದೇಶದ ರಾಜಕುಮಾರನೊಬ್ಬನ ರತ್ನಖಚಿತ ನಿಲುವಂಗಿಯನ್ನು ತೆಗೆದಿರಿಸಿಕೊಂಡು, ಈಜಿಪ್ಟಿನಲ್ಲಿ ಬುಸುಗುಟ್ಟುವ ಸರ್ಪವೊಂದು ಕಾಯುತ್ತಿರುವ ಮುತ್ತನ್ನು ತರುವಂತೆ ತಂದೆತಾಯಿ ಅವನನ್ನು ಕಳಿಸುತ್ತಾರೆ. ಅಲ್ಲಿ ಅವನು ಈಜಿಪ್ಟಿನವರಂತೆ ಉಡುಪು ತೊಟ್ಟು, ಅವರ ಊಟ ಉಂಡು, ತಾನು ರಾಜನ ಮಗನೆಂಬುದನ್ನೂ ಮುತ್ತನ್ನೂ ಮರೆತು, ಊಟದ ಭಾರಕ್ಕೆ ನಿದ್ದೆಹೋಗುತ್ತಾನೆ. ಆಗ ಮನೆಯಿಂದ ಒಂದು ಓಲೆ ಹೊರಡುತ್ತದೆ. ಅದು ಹದ್ದಾಗಿ ಹಾರಿಬಂದು, ಅವನ ಪಕ್ಕದಲ್ಲಿ ಇಳಿದು, ಮಾತಾಗುತ್ತದೆ. ಓಲೆಯಲ್ಲಿದ್ದದ್ದು ಹೊಸತೇನಲ್ಲ, ಅವನ ಎದೆಯಲ್ಲಿ ಮೊದಲೇ ಬರೆದಿದ್ದದ್ದೇ ಅದು. ಅವನು ಎದ್ದು, ತಂದೆಯ ಹೆಸರು ಹೇಳಿ ಸರ್ಪವನ್ನು ಮಲಗಿಸಿ, ಮುತ್ತಿನೊಂದಿಗೆ ಮರಳುತ್ತಾನೆ.

ಹೋಲಿಕೆ ಬೆರಗುಗೊಳಿಸುವಂಥದ್ದೇ, ಒಪ್ಪುತ್ತೇನೆ. ಆದರೆ ಹೋಲಿಕೆಯಿಂದ ನೇರವಾಗಿ ರಹಸ್ಯ ಸಂದೇಶಕ್ಕೆ ಜಿಗಿಯುವುದು ಅವಸರದ ಕೆಲಸ. ಮರೆತ ರಾಜಕುಮಾರ ನಮ್ಮಲ್ಲೂ ಇದ್ದಾನೆ: ಬೃಹದಾರಣ್ಯಕ ಭಾಷ್ಯದಲ್ಲಿ ಶಂಕರರು, ಹುಟ್ಟುತ್ತಲೇ ಮನೆಯಿಂದ ದೂರವಾಗಿ ಬೇಡರ ನಡುವೆ ಬೆಳೆದು ತಾನೂ ಬೇಡನೆಂದೇ ನಂಬಿದ ರಾಜಪುತ್ರನ ಕಥೆಯನ್ನು ಹೇಳುತ್ತಾರೆ. ಅಲ್ಲಿ ಸರ್ಪವೂ ಇಲ್ಲ, ಪ್ರಯಾಣವೂ ಇಲ್ಲ. ಬಲ್ಲವನೊಬ್ಬ ‘ನೀನು ಬೇಡನಲ್ಲ’ ಎಂದದ್ದೇ ಸಾಕಾಯಿತು. ಊರು ಬಿಟ್ಟು ದುಡಿಯಹೋದವರು, ಮನೆಯನ್ನು ಮರೆತು ನೆನೆದವರು ಎಲ್ಲ ಕಾಲದಲ್ಲೂ ಇರುವಾಗ ಇಂಥ ಕಥೆ ಹಲವೆಡೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಮನದಾಳವನ್ನು ಶೋಧಿಸಿದ ಸ್ವಿಸ್ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ (1875–1961) ಇದಕ್ಕೆ ಕಾರಣವಾಗಿ, ಎಲ್ಲ ಮನುಷ್ಯರಿಗೂ ಸಮಾನವಾದ ಸಾಮೂಹಿಕ ಸುಪ್ತಪ್ರಜ್ಞೆಯೊಂದನ್ನು ಊಹಿಸಿದರು. ಅದು ಇಂದಿಗೂ ಚರ್ಚೆಯಲ್ಲಿರುವ ಊಹೆ. ಆದರೆ ಕನಸನ್ನು ನೋಡುವ ಅವರ ಕ್ರಮ ಆ ಊಹೆಯನ್ನು ಒಪ್ಪದವರಿಗೂ ಉಪಯೋಗಕ್ಕೆ ಬರುತ್ತದೆ: ಕನಸಿನ ಪ್ರತಿಯೊಂದು ವಸ್ತುವಿನ ಬಗ್ಗೆ ಕನಸುಗಾರನಿಗೇ ಏನು ತೋಚುತ್ತದೆಂದು ಕೇಳಬೇಕು, ಪುರಾಣಗಳನ್ನು ಪಕ್ಕಕ್ಕಿಟ್ಟು ಹೋಲಿಸುವುದು ಅದರ ಜೊತೆಯ ಕೆಲಸ.

ಹಾಗೆ ಹೋಲಿಸಿದರೆ ನನಗೆ ಹೆಚ್ಚು ಬೆಲೆಯುಳ್ಳದ್ದೆಂದು ತೋರುವುದು ಎರಡೂ ಕೂಡುವ ಜಾಗವಲ್ಲ, ನಿಮ್ಮ ಕನಸು ಹಾಡನ್ನು ಬಿಟ್ಟು ತನ್ನ ದಾರಿ ಹಿಡಿಯುವ ಜಾಗ. ರಾಜಕುಮಾರನನ್ನು ಮಲಗಿಸಿದ್ದು ಪರದೇಶದ ಊಟ. ನಿಮ್ಮನ್ನು ಮಲಗಿಸಿದ್ದಾದರೋ ಮುದ್ದೆ, ಬಸ್ಸಾರು, ಎಂದರೆ ಅಪ್ಪಟ ಮನೆಯ ಊಟ; ಅದೂ ಪೇಟೆಯ ಮೆಸ್ಸಿನಲ್ಲಿ ದುಡ್ಡು ಕೊಟ್ಟು ಉಂಡದ್ದು. ಊರನ್ನು ತಟ್ಟೆಗೆ ಬಡಿಸಿಕೊಂಡ ಮೇಲೆ ಊರಿನ ಕೆಲಸ ಮರೆತರೂ ನಡೆಯುತ್ತದೆಂಬ ಸಮಾಧಾನ ಇದರಲ್ಲಿರಬಹುದೇ? ನಾನು ಹಾಗೆಂದು ತೀರ್ಪು ಕೊಡುತ್ತಿಲ್ಲ, ಕೇಳುತ್ತಿದ್ದೇನೆ ಅಷ್ಟೆ. ಇನ್ನು ಆ ಕಾಗದ. ಹಾಡಿನ ಓಲೆ ಬರೆಯಬಲ್ಲ ರಾಜ ರಾಣಿಯರದು. ನಿಮ್ಮದು ಬರೆಯಲು ಬಾರದ ತಾಯಿಯದು. ಅಮ್ಮನ ಕೈಬರಹವನ್ನು ನೀವು ಎಂದೂ ನೋಡಿಲ್ಲ, ಆದರೂ ಕನಸಿನಲ್ಲಿ ಗುರುತು ಹಿಡಿದಿರಿ. ಆ ಅಕ್ಷರ ಯಾರ ಅಕ್ಷರದಂತಿತ್ತು? ಶಾಲೆಯಲ್ಲಿದ್ದಾಗ ಅಮ್ಮ ಹೇಳಿ ನೀವು ಬರೆದುಕೊಟ್ಟ ಕಾಗದಗಳಿದ್ದವೇ? ಈ ಪ್ರಶ್ನೆಗೆ ಯಾವ ಪ್ರಾಚೀನ ಗ್ರಂಥದಲ್ಲೂ ಉತ್ತರವಿಲ್ಲ. ಕನಸನ್ನು ಎದ್ದೊಡನೆ ಬರೆದಿಡಿ. ಮುಂದಿನ ಬಾರಿ ಊರಿಗೆ ಹೋದಾಗ ಅಮ್ಮನಿಗೂ ಹೇಳಿನೋಡಿ. ನಿದ್ದೆಯೇ ಕೆಡುತ್ತಿದ್ದರೆ ಮಾತ್ರ ಮನೋವೈದ್ಯರನ್ನು ಕಾಣಿರಿ. ಆ ವಿಡಿಯೊವನ್ನು ಅಳಿಸಿಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ: ಯೂಂಗ್ ಮೈಸೂರಿಗೆ ಬಂದಿದ್ದರೆಂಬುದು ನಿಜವೇ? ಅವರು ಸ್ವತಃ ನಾಸ್ಟಿಕ್ ಪಂಥದವರೇ? (ನಿವೃತ್ತ ಅಧ್ಯಾಪಕರು, ಮಂಡ್ಯ)

ಉತ್ತರ: ಬಂದಿದ್ದರು. ಕಲ್ಕತ್ತೆಯಲ್ಲಿ 1938ರ ಜನವರಿಯಲ್ಲಿ ನಡೆದ ಇಂಡಿಯನ್ ಸೈನ್ಸ್ ಕಾಂಗ್ರೆಸ್‌ನ ರಜತೋತ್ಸವಕ್ಕೆ ಆಹ್ವಾನಿತರಾಗಿ ಬಂದ ಪ್ರವಾಸದಲ್ಲಿ ಅವರು ಮೈಸೂರಿನಲ್ಲಿ ಕೆಲಕಾಲ ಅತಿಥಿಯಾಗಿದ್ದುದನ್ನೂ, ನಾಲ್ವಡಿ ಕೃಷ್ಣರಾಜ ಒಡೆಯರ ವೇದಾಂತಗುರು ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಆಳವಾಗಿ ಚರ್ಚಿಸಿದುದನ್ನೂ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆ ಮಾತುಕತೆಯನ್ನು ಕಲ್ಪಿಸಿಕೊಳ್ಳುವುದೇ ಒಂದು ಸುಖ: ಅಯ್ಯರ್ ಅವರಿಗೆ ಕನಸು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಅವಸ್ಥಾತ್ರಯದಲ್ಲಿ ಒಂದು, ಕನಸು ಇದೆಯೆಂಬುದೇ ಎಚ್ಚರದ ಬಗ್ಗೆ ವಿಚಾರಕ್ಕೆ ಸಾಮಗ್ರಿ, ಯೂಂಗರಿಗೋ ಕನಸಿನೊಳಗೆ ಏನು ಕಂಡಿತೆಂಬುದೇ ಮುಖ್ಯ.

ಇಡೀ ಪ್ರವಾಸದಲ್ಲಿ ಯೂಂಗ್ ಓದುತ್ತಿದ್ದುದು ಉಪನಿಷತ್ತನ್ನಲ್ಲ, 1602ರಲ್ಲಿ ಅಚ್ಚಾದ ಯುರೋಪಿನ ರಸವಿದ್ಯೆಯ ಒಂದು ಸಂಪುಟವನ್ನು. ಕಲ್ಕತ್ತೆಯಲ್ಲಿ ಆಮಶಂಕೆಯಾಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಹೊರಬಂದ ಮೇಲೆ ಅವರಿಗೆ ಬಿದ್ದ ಕನಸಿನಲ್ಲಿ ಭಾರತವೇ ಇರಲಿಲ್ಲ. ಇಂಗ್ಲೆಂಡಿನ ದಕ್ಷಿಣ ತೀರದಾಚೆಯ ದ್ವೀಪವೊಂದರಲ್ಲಿ, ನೀರನ್ನು ಒಬ್ಬನೇ ಈಜಿ ದಾಟಿ ಕ್ರೈಸ್ತ ಪುರಾಣದ ಪವಿತ್ರ ಪಾತ್ರೆಯನ್ನು ತರಬೇಕೆಂದು ಹೊರಟಿದ್ದರು. ನೀನು ಹುಡುಕಬೇಕಾದದ್ದು ಇಲ್ಲಿಲ್ಲ ಎಂದು ಅದನ್ನು ಅವರು ಅರ್ಥಮಾಡಿಕೊಂಡರು. ಮೇಲಿನ ಪ್ರಶ್ನೆ ಕೇಳಿದವರೂ ಇದನ್ನು ಗಮನಿಸಬಹುದು.

ಎರಡನೆಯ ಮಾತು. ಯೂಂಗ್ 1916ರಲ್ಲಿ ‘ಸತ್ತವರಿಗೆ ಏಳು ಪ್ರವಚನಗಳು’ ಎಂಬ ಕಿರುಹೊತ್ತಗೆಯನ್ನು, ಎರಡನೆಯ ಶತಮಾನದ ನಾಸ್ಟಿಕ್ ಗುರು ಬೆಸಿಲಿಡಿಸನ ಹೆಸರಿನಲ್ಲಿ ಬರೆದು ಖಾಸಗಿಯಾಗಿ ಅಚ್ಚು ಹಾಕಿಸಿದರು. 1918ರಿಂದ 1926ರವರೆಗೆ ಆ ಪಂಥಗಳನ್ನು ಶ್ರದ್ಧೆಯಿಂದ ಓದಿದರು. ಆದರೆ ಆಗ ಅವರಿಗೆ ದೊರೆತದ್ದು ಬಹುಪಾಲು ವಿರೋಧಿಗಳಾದ ಚರ್ಚಿನ ಪಿತೃಗಳು ಖಂಡನೆಗಾಗಿ ಎತ್ತಿಕೊಂಡ ಉಲ್ಲೇಖಗಳು. ಚಾರ್ವಾಕರನ್ನು ಅವರ ಎದುರಾಳಿಗಳ ಗ್ರಂಥಗಳಿಂದ ತಿಳಿಯಬೇಕಾದ ನಮ್ಮ ಪಾಡಿನಂತೆಯೇ. ಈಜಿಪ್ಟಿನ ನಾಗ್ ಹಮ್ಮಾದಿಯ ಬಳಿ ಮಣ್ಣಿನ ಗಡಿಗೆಯಲ್ಲಿ ಹುದುಗಿದ್ದ, ಬಹುಪಾಲು ನಾಸ್ಟಿಕರದೇ ಬರಹಗಳುಳ್ಳ ಕಾಪ್ಟಿಕ್ ಭಾಷೆಯ 13 ಹೊತ್ತಗೆಗಳು ರೈತರ ಕೈಗೆ ಸಿಕ್ಕಿದ್ದು 1945ರಲ್ಲಿ. ಅವುಗಳಲ್ಲೊಂದನ್ನು 1952ರಲ್ಲಿ ಜೂರಿಕ್‌ನ ಯೂಂಗ್ ಸಂಸ್ಥೆಗಾಗಿ ಕೊಳ್ಳಲಾಯಿತು. ಈಗ ಅದು ಕೈರೋದಲ್ಲಿದೆ. ಅದೇ 1952ರಲ್ಲಿ ದಾರ್ಶನಿಕ ಮಾರ್ಟಿನ್ ಬೂಬರ್ ಯೂಂಗರ ಮೇಲೆ ನಾಸ್ಟಿಕ್ ಎಂಬ ಆಕ್ಷೇಪವನ್ನೇ ಹೊರಿಸಿದಾಗ, ತಾನು ರೋಗಿಗಳ ಮನಸ್ಸಿನಲ್ಲಿ ಕಂಡದ್ದನ್ನು ವಿವರಿಸುವ ವೈದ್ಯನೇ ಹೊರತು ಮತಪ್ರವರ್ತಕನಲ್ಲವೆಂಬ ಧಾಟಿಯಲ್ಲಿ ಅವರು ಉತ್ತರಿಸಿದರು. ಬೆಸಿಲಿಡಿಸನ ಹೆಸರಿನಲ್ಲಿ ಬರೆದವರು ಅಷ್ಟು ಸುಲಭವಾಗಿ ಕೈತೊಳೆದುಕೊಳ್ಳುವಂತಿಲ್ಲವೆಂದು ನನಗನ್ನಿಸುತ್ತದೆ.

ಪ್ರಶ್ನೆ: ನಾಸ್ಟಿಕರ ಸಿಂಹಮುಖದ ಸರ್ಪದೇವತೆ ನಮ್ಮ ನರಸಿಂಹನೇ ಅಲ್ಲವೇ? (ವಿದ್ಯಾರ್ಥಿನಿ, ಮೇಲುಕೋಟೆ)

ಉತ್ತರ: ಅಲ್ಲ. ಯೋಗಾನರಸಿಂಹನ ಬೆಟ್ಟದ ಕೆಳಗೆ ಕುಳಿತು ಕೇಳಿದ್ದೀರಿ, ಆದ್ದರಿಂದ ಕಥೆಯನ್ನು ನೆನಪಿಸಬೇಕಾಗಿಲ್ಲ. ನಾಸ್ಟಿಕ್ ಗ್ರಂಥಗಳಲ್ಲಿ ಸಿಂಹದ ಮುಖ, ಸರ್ಪದ ಮೈ ಉಳ್ಳ ಯಾಲ್ಡಬವೋತ್ ಈ ಲೋಕವನ್ನು ಕಟ್ಟಿದ ಅಜ್ಞಾನಿ. ತನ್ನ ತಾಯಿ ಸೋಫಿಯಾಳ ಮೂಲಕ ಬಂದ ಬೆಳಕನ್ನು ಅರಿಯದೆ, ‘ನಾನೇ ದೇವರು, ನನ್ನ ಹೊರತು ಬೇರೆ ದೇವರಿಲ್ಲ’ ಎಂದು ಸಾರಿಕೊಳ್ಳುತ್ತಾನೆ. ನಮ್ಮ ಕಥೆಯಲ್ಲಿ ಆ ಮಾತು ಯಾರದು ನೋಡಿ: ಮಗನ ಬಾಯಲ್ಲಿ ಹರಿನಾಮವನ್ನು ಸಹಿಸದ ಹಿರಣ್ಯಕಶಿಪುವಿನದು. ಸಿಂಹಮುಖ ಒಂದೇ ಆದರೂ ಅದು ನಿಂತಿರುವುದು ಕಂಬದ ಎದುರು ಬದಿಯಲ್ಲಿ. ಇಷ್ಟಾದರೂ ಸಿಂಹದ ತಲೆಯ ಸರ್ಪಕ್ಕೆ ಆ ಕಾಲದಲ್ಲಿ ಇನ್ನೊಂದು ಸೌಮ್ಯ ಉದ್ಯೋಗವೂ ಇತ್ತು. ಕ್ನೂಬಿಸ್ ಎಂಬ ಹೆಸರಿನಲ್ಲಿ ಅದನ್ನು ಹರಳುಗಳ ಮೇಲೆ ಕೊರೆದು, ಹೊಟ್ಟೆನೋವಿಗೆ ತಾಯಿತವಾಗಿ ಕಟ್ಟಿಕೊಳ್ಳುತ್ತಿದ್ದರು.