ಬರೀ ಮಾತಾಡಿದರೆ ಪ್ಯಾನಿಕ್ ಹೋಗುತ್ತಾ?

ಪ್ರಶ್ನೆ: ಮಗನಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ. ಬಸ್ಸಿನಲ್ಲಿ ಕೂತರೆ ಎದೆ ಡವಡವ ಅನ್ನುತ್ತದೆ, ಉಸಿರು ಕಟ್ಟುತ್ತದೆ, ಸತ್ತೇ ಹೋಗ್ತೀನಿ ಅನ್ನಿಸುತ್ತದಂತೆ. ಇಸಿಜಿ, ಎಕೋ, ಥೈರಾಯ್ಡ್ ಎಲ್ಲ ನಾರ್ಮಲ್. ಡಾಕ್ಟರು ‘ಪ್ಯಾನಿಕ್ ಅಟ್ಯಾಕ್, ಥೆರಪಿಗೆ ಹೋಗಲಿ’ ಎಂದರು. ಮಾತಾಡುವುದಕ್ಕೆ ದುಡ್ಡು ಕೊಡಬೇಕಾ? ಧೈರ್ಯ ನಾವೇ ಹೇಳುತ್ತಿದ್ದೇವಲ್ಲ?
– ಹೆಸರು ಬೇಡ, ದಾವಣಗೆರೆ

ಉತ್ತರ: ಧೈರ್ಯ ಹೇಳುವುದು ತಪ್ಪಲ್ಲಮ್ಮ. ಆದರೆ ‘ಏನೂ ಆಗಲ್ಲ ಬಿಡೋ’ ಅಂದರೆ ಅರ್ಧ ಗಂಟೆ ಸಮಾಧಾನ. ಮತ್ತೆ ಎದೆ ಹೊಡೆದುಕೊಂಡರೆ ಮತ್ತೆ ಫೋನ್, ಅಲ್ವಾ? ಥೆರಪಿಯಲ್ಲಿ ಧೈರ್ಯ ಹೇಳುತ್ತಾ ಕೂರುವುದಿಲ್ಲ. ಭಯ ಹೇಳುತ್ತಿರುವುದು ನಿಜವೋ ಸುಳ್ಳೋ ಅಂತ ಅವನಿಂದಲೇ ಪರೀಕ್ಷೆ ಮಾಡಿಸುತ್ತಾರೆ.

ಕಾಫಿಗೋ ನಿದ್ದೆಗೆಟ್ಟಿದ್ದಕ್ಕೋ ಎದೆಬಡಿತ ಸ್ವಲ್ಪ ಏರುತ್ತದೆ. ‘ಹಾರ್ಟ್ ಅಟ್ಯಾಕೇ ಇದು’ ಅಂದುಕೊಳ್ಳುತ್ತಾನೆ. ಆ ಹೆದರಿಕೆಗೇ ಅಡ್ರಿನಲಿನ್ ಹೆಚ್ಚಿ ಬಡಿತ ಇನ್ನೂ ಜಾಸ್ತಿಯಾಗುತ್ತದೆ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಅಷ್ಟರಲ್ಲಿ ಅವನು ಬಸ್ ಇಳಿದಿರುತ್ತಾನೆ. ‘ಇಳಿದಿದ್ದಕ್ಕೇ ಬದುಕಿದೆ’ ಅನ್ನುವುದು ತಲೆಯಲ್ಲಿ ಕೂತುಬಿಡುತ್ತದೆ. ಆಮೇಲೆ ಬಾಗಿಲ ಪಕ್ಕದ ಸೀಟೇ ಬೇಕು, ಬ್ಯಾಗಲ್ಲಿ ನೀರಿನ ಬಾಟಲಿ ಇರಲೇಬೇಕು.

ಇದಕ್ಕೆ ಹೆಚ್ಚಾಗಿ ಬಳಸುವುದು ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ಬದಲಿಸುವ ಥೆರಪಿ. ಹಾರ್ಟ್ ಚೆನ್ನಾಗಿದೆ ಅಂತ ಗೊತ್ತಾಗಿರುವುದರಿಂದ ಅವನನ್ನು ಮೆಟ್ಟಿಲು ಹತ್ತಿಸಬಹುದು, ತಿರುಗುವ ಕುರ್ಚಿಯಲ್ಲಿ ಸುತ್ತಿಸಬಹುದು, ಸ್ಟ್ರಾದಲ್ಲಿ ಉಸಿರಾಡಿಸಬಹುದು. ಬೇಕೆಂದೇ ಅದೇ ಡವಡವ ತರಿಸಿ, ಎದ್ದು ಓಡದೆ ಅದು ಇಳಿಯುವುದನ್ನು ನೋಡುವುದು. ಆಮೇಲೆ ಬಸ್ಸಿನಲ್ಲಿ ಒಂದು ಸ್ಟಾಪ್, ಎರಡು ಸ್ಟಾಪ್, ಬಾಟಲಿ ಇಲ್ಲದೆ. ಹೋಂವರ್ಕ್ ಇರುತ್ತದೆ. ಮಾಡದಿದ್ದರೆ ದುಡ್ಡು ದಂಡ, ಮುಲಾಜಿಲ್ಲದೆ ಹೇಳುತ್ತೇನೆ. ವಾರಕ್ಕೊಮ್ಮೆ 45–50 ನಿಮಿಷ. ಪ್ಯಾನಿಕ್‌ಗೆ ಹತ್ತು-ಹನ್ನೆರಡು ಸಲ ಸಾಕಾಗುವುದುಂಟು. ಮೊದಲ ಒಂದೆರಡು ಸಲ ವಿಚಾರಿಸುವುದರಲ್ಲೇ ಹೋಗುತ್ತದೆ, ಬೇಸರ ಬೇಡ. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ, ಅದನ್ನು ಬರೆಯುವವರು ಮನೋವೈದ್ಯರು.

ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಅಂತ ಕೇಳಿ. ಕೇಳಿದ್ದಕ್ಕೆ ಸಿಟ್ಟಾದರೆ ಬೇರೆಯವರನ್ನು ಹುಡುಕಿ. ಎಲ್ಲಿಂದ ಶುರು ಮಾಡುವುದು ಅಂತ ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಕಾಸಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಪಾಲಿಗೂ ಕೆಲಸ ಇದೆ. ಬಸ್ಸಿಂದ ಫೋನ್ ಬಂದಾಗ ‘ಇಳಿದುಬಿಡು’ ಅನ್ನಬೇಡಿ, ‘ಇನ್ನೊಂದು ಸ್ಟಾಪ್ ಕೂತಿರು’ ಅನ್ನಿ. ಥೆರಪಿಸ್ಟ್ ಹತ್ತಿರ ಏನು ಹೇಳಿದೆ ಅಂತ ಪ್ರತಿ ವಾರ ಕೆದಕಬೇಡಿ. ಅದನ್ನು ಗುಟ್ಟಾಗಿ ಇಡಿಸಿಕೊಳ್ಳುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಅವನಿಗೆ ಕೊಟ್ಟಿದೆ.