ನಡುವೆಯೇ ವಿಶ್ವವಿದ್ಯಾಲಯ ಬದಲಿಸಬೇಕೆ?

ಕೊಡಗು ವಿಶ್ವವಿದ್ಯಾಲಯವು 2023ರಲ್ಲಿ ಆರಂಭವಾಗಿ, 2025ರಲ್ಲೇ ಅದನ್ನು ಮುಚ್ಚುವ ಮಾತು ಕೇಳಿಬಂದ ಮೇಲೆ, ಇಲ್ಲಿನ ಪದವಿಗೆ ಹೊರಗೆ ಬೆಲೆಯುಂಟೇ ಎಂದು ಸಲಹೆಗಾಗಿ ನನ್ನ ಬಳಿ ವಿಚಾರಿಸಿಕೊಂಡು ಬರುವ ಬಿ.ಕಾಂ. ವಿದ್ಯಾರ್ಥಿಗಳು ಹೆಚ್ಚಾಗಿದ್ದಾರೆ. ಅವರಲ್ಲೊಬ್ಬನ ಪ್ರಕರಣವನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಿರಾಜಪೇಟೆ ಕಡೆಯ ಸಣ್ಣ ಕಾಫಿ ಬೆಳೆಗಾರರ ಮಗ. ಎರಡು ಸೆಮಿಸ್ಟರ್ ಮುಗಿಸಿದ್ದ, ಅಂಕಗಳೂ ಚೆನ್ನಾಗಿದ್ದವು. ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯವೊಂದಕ್ಕೆ ವರ್ಗಾವಣೆ ಪಡೆದರೆ ದೊಡ್ಡ ಹಣಕಾಸು ಕಂಪನಿಗಳಲ್ಲಿ ಕೆಲಸ ಖಚಿತ ಎಂಬುದು ಅವನ ನಂಬಿಕೆಯಾಗಿತ್ತು.

ಎರಡನೆಯ ಭೇಟಿಗೆ ಅವನು ಆ ಸಂಸ್ಥೆಯ ಮಾಹಿತಿ ಪುಸ್ತಕ ತಂದಿದ್ದ. ಅತಿ ಹೆಚ್ಚಿನ ಸಂಬಳದ ಅಂಕಿಯ ಸುತ್ತ ನೀಲಿ ಪೆನ್ನಿನಲ್ಲಿ ಎರಡು ಸುತ್ತು ಹಾಕಿತ್ತು. ಆ ಸಂಬಳ ಸಿಕ್ಕಿದ್ದು ಬಿ.ಕಾಂ. ಓದಿದವರಿಗೋ ಎಂ.ಬಿ.ಎ. ಓದಿದವರಿಗೋ, ಬಿ.ಕಾಂ.ನವರು ಸೇರಿದ ಹುದ್ದೆಗಳು ಯಾವುವು, ನಡುವೆ ಬಂದು ಸೇರಿದವರಿಗೂ ಕ್ಯಾಂಪಸ್ ಸಂದರ್ಶನವಿದೆಯೇ ಎಂದು ನನ್ನೆದುರಿಗೇ ಫೋನ್ ಮಾಡಿ ಕೇಳಲು ಹೇಳಿದೆ. ಸಂಬಳ ಎಂ.ಬಿ.ಎ.ಯವರದ್ದು, ಬಿ.ಕಾಂ.ನವರು ಹೆಚ್ಚಾಗಿ ಸಾಲ ಮಾರಾಟದ ಕೆಲಸಕ್ಕೆ ಹೋಗಿದ್ದಾರೆ ಎಂಬ ಉತ್ತರ ಬಂತು. ಮೂರನೆಯ ಪ್ರಶ್ನೆಗೆ, "ಅಡ್ಮಿಷನ್ ಆಗಲಿ, ಆಮೇಲೆ ನೋಡೋಣ" ಎಂದರಂತೆ.

ಅವನು ಪುಸ್ತಕ ಮಡಚಿದ. "ಅಷ್ಟಾದರೂ ಸಿಗುತ್ತದಲ್ಲ ಮೇಡಂ, ನಮ್ಮ ಕಾಲೇಜಿಗೆ ಯಾವ ಕಂಪನಿಯೂ ಬರುವುದಿಲ್ಲ" ಎಂದ. ಈ ಮಾತಿಗೆ ನನ್ನಲ್ಲಿ ಸುಲಭದ ಉತ್ತರವಿರಲಿಲ್ಲ, ಏಕೆಂದರೆ ಅವನು ಹೇಳಿದ್ದು ನಿಜ. ಶುಲ್ಕ ಹೇಗೆಂದು ಕೇಳಿದೆ. "ಅಪ್ಪ ಬೆಳೆಯ ಮೇಲೆ ಸಾಲ ತೆಗೆಯುತ್ತಾರೆ" ಎಂದ. ರೊಬಸ್ಟಾ ಕೊಯ್ಲು ಜನವರಿಯ ಹೊತ್ತಿನದು. ಶುಲ್ಕ ಕಟ್ಟಬೇಕಾದದ್ದು ಮಳೆಗಾಲದಲ್ಲಿ, ಬೆಳೆಗಾರರ ಕೈ ಬರಿದಾಗಿರುವಾಗ.

ಪದವಿಯನ್ನು ಇಲ್ಲಿಯೇ ಮುಗಿಸೆಂದು ಸಲಹೆ ಕೊಟ್ಟೆ. ಶೇ. 55 ಅಂಕ ಪಡೆದ ವಾಣಿಜ್ಯ ಪದವೀಧರರು ಸಿ.ಎ. (ಲೆಕ್ಕಪರಿಶೋಧಕರ) ಕೋರ್ಸಿನ ಮೊದಲ ಹಂತವಾದ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಎರಡನೆಯ ಹಂತವಾದ ಇಂಟರ್ಮೀಡಿಯೆಟ್‌ಗೆ ಸೇರಬಹುದು, ಅಲ್ಲಿ ಪದವಿ ಯಾವ ವಿಶ್ವವಿದ್ಯಾಲಯದ್ದೆಂದು ಕೇಳುವುದಿಲ್ಲ. 2023ರ ಹೊಸ ಪಠ್ಯಕ್ರಮದಲ್ಲಿ ಲೆಕ್ಕಪರಿಶೋಧಕರ ಬಳಿ ಮಾಡುವ ಕಡ್ಡಾಯ ತರಬೇತಿಯಾದ ಆರ್ಟಿಕಲ್‌ಶಿಪ್ ಕೂಡ ಎರಡು ವರ್ಷಕ್ಕೆ ಇಳಿದಿದೆ. ಸಿ.ಎ. ಒಗ್ಗದಿದ್ದರೆ, ಸಾಲದ ಹಣವನ್ನು ಒಳ್ಳೆಯ ಸಂಸ್ಥೆಯ ಎಂ.ಬಿ.ಎ.ಗೆ ಉಳಿಸಿಕೊಳ್ಳಬಹುದು, ಏಕೆಂದರೆ ಅವನು ಸುತ್ತು ಹಾಕಿಕೊಂಡಿದ್ದ ಸಂಬಳ ಸಿಗುವುದೇ ಆ ಹಂತದಲ್ಲಿ. ಇನ್ನು ವಿಶ್ವವಿದ್ಯಾಲಯ ಮುಚ್ಚಿ ಬೇರೊಂದರಲ್ಲಿ ವಿಲೀನಗೊಂಡರೂ ಕ್ರಮಬದ್ಧವಾಗಿ ಪಡೆದ ಪದವಿ ರದ್ದಾಗುವುದಿಲ್ಲ.

ಹಳ್ಳಿಯ ಮಕ್ಕಳನ್ನು ಹಳ್ಳಿಯಲ್ಲೇ ಕಟ್ಟಿಹಾಕುತ್ತೀರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಬೆಂಗಳೂರಿಗೆ ಹೋಗಬೇಡವೆಂದು ನಾನು ಯಾರಿಗೂ ಹೇಳಿದವಳಲ್ಲ. ಆದರೆ ನಡುವೆ ವರ್ಗಾವಣೆ ಪಡೆದು, ಎರಡು ಕಡೆಯ ಪಠ್ಯಕ್ರಮ ಹೊಂದಿಕೆಯಾಗದೆ, ಹಿಂದಿನ ಸೆಮಿಸ್ಟರಿನ ವಿಷಯಗಳನ್ನು ಮತ್ತೆ ಬರೆಯುತ್ತ, ಮನೆಯ ಸಾಲವನ್ನು ತಲೆಯಲ್ಲಿಟ್ಟುಕೊಂಡು ಓದುವ ಮಕ್ಕಳನ್ನೂ ನಾನೇ ಕಂಡಿದ್ದೇನೆ.

ಅವನು ಪೂರ್ತಿ ಒಪ್ಪಿ ಹೋಗಲಿಲ್ಲ. ಈಗ ಐದನೆಯ ಸೆಮಿಸ್ಟರಿನಲ್ಲಿ ಇಲ್ಲಿಯೇ ಇದ್ದಾನೆ. ವರ್ಗಾವಣೆಗೆ ಹಟ ಹಿಡಿಯುವ ಉಳಿದವರಿಗೆ ನಾನು ಹೇಳುವುದಿಷ್ಟು: ಯಾವ ವಿಷಯಗಳನ್ನು ಮಾನ್ಯ ಮಾಡುತ್ತಾರೆ, ಕ್ಯಾಂಪಸ್ ಸಂದರ್ಶನಕ್ಕೆ ಅರ್ಹತೆಯುಂಟೇ ಎಂಬುದನ್ನು ಹೊಸ ವಿಶ್ವವಿದ್ಯಾಲಯದಿಂದ ಲಿಖಿತವಾಗಿ ಪಡೆಯಿರಿ, ಅಲ್ಲಿಯವರೆಗೆ ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆದುಕೊಳ್ಳಬೇಡಿ.