ಪಾಯಿಂಟ್ ಉದುರುವ ಭಯ: ಬ್ಯಾಡ್ಮಿಂಟನ್ ಸಿಂಗಲ್ಸ್ ಆಟಗಾರನೊಬ್ಬನ ಪ್ರಕರಣ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಲಾಗಿದೆ.)

ವಯಸ್ಸು 23. ಹೈಸ್ಕೂಲಿನಿಂದಲೂ ಬೆಂಗಳೂರಿನಲ್ಲೇ ತರಬೇತಿ. ವಿಶ್ವ ರ‍್ಯಾಂಕಿಂಗ್ 150ರ ಆಸುಪಾಸು. ಮಗನ ಆಟಕ್ಕೆಂದು ಅಪ್ಪ ಊರಿನಲ್ಲಿದ್ದ ಒಂದು ಸೈಟು ಮಾರಿದ್ದಾರೆ. ಬಲ ಮೊಣಕಾಲ ಚಿಪ್ಪಿನ ಕೆಳಗೆ ನೋವು, ರಾತ್ರಿ ನಿದ್ದೆಯಿಲ್ಲ, ಮೂರನೇ ಗೇಮಿನಲ್ಲಿ ಸ್ಕೋರು 15 ದಾಟಿದರೆ ಕೈ ಬಿಗಿದುಕೊಳ್ಳುತ್ತದೆ. "ಆಡಲೋ ಬಿಡಲೋ, ಒಂದು ಹೇಳಿಬಿಡಿ ಮೇಡಂ" ಎಂದು ಆಪ್ತಸಲಹೆಗಾರರ ಬಳಿ ಬಂದಿದ್ದ.

ಅದಕ್ಕೆ ಉತ್ತರ ಕೊಡುವುದು ಆಪ್ತಸಲಹೆಗಾರರ ಕೆಲಸವಲ್ಲ. ಅವನಿಂದಲೇ ಹಿಂದಿನ ಒಂದು ವರ್ಷದ ಟೂರ್ನಿಗಳ ಪಟ್ಟಿ ಬರೆಸಲಾಯಿತು. ಸಮಸ್ಯೆಯ ಬೇರು ಅಲ್ಲೇ ಕಂಡಿತು.

ವಿಶ್ವ ರ‍್ಯಾಂಕಿಂಗ್‌ಗೆ ಕಳೆದ 52 ವಾರಗಳ ಅತ್ಯುತ್ತಮ 10 ಫಲಿತಾಂಶಗಳು ಮಾತ್ರ ಲೆಕ್ಕ. ಹೋದ ವರ್ಷ ಗಳಿಸಿದ್ದು ಈ ವರ್ಷ ಅದೇ ಹೊತ್ತಿಗೆ ಉದುರುತ್ತದೆ. ಅದನ್ನು ತುಂಬಿಕೊಳ್ಳುವ ಆತಂಕದಲ್ಲಿ ಹುಡುಗ ನೋವು ನುಂಗಿಕೊಂಡು ಆಡಿದ್ದ. "ಪಾಯಿಂಟ್ ಹೋಗ್ತವೆ ಕಣೋ, ಇದೊಂದು ಆಡ್ಕೊಂಡು ಬಾ" ಎಂದು ಅಪ್ಪನೂ ಒತ್ತಾಯಿಸುತ್ತಿದ್ದರು. ಇಂಟರ್‌ನ್ಯಾಷನಲ್ ಚಾಲೆಂಜ್ ಎಂಬ ಕೆಳಹಂತದ ಅಂತರರಾಷ್ಟ್ರೀಯ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್‌ಗೆ 2,200 ಪಾಯಿಂಟ್, 16ರ ಸುತ್ತಿಗೆ 1,520, 32ರ ಸುತ್ತಿನಲ್ಲೇ ಸೋತರೆ 920. ಅವನ ಹತ್ತನೇ ಫಲಿತಾಂಶವೇ 1,520 ಇತ್ತು. ಅಂದಮೇಲೆ ಕುಂಟುತ್ತ ಹೋಗಿ ತಂದ 920ರಿಂದ ರ‍್ಯಾಂಕಿಂಗ್ ಒಂದಿಷ್ಟೂ ಏರುವುದಿಲ್ಲ. ವಿಮಾನದ ಖರ್ಚು, ಸ್ನಾಯುರಜ್ಜುವಿಗೆ ಪೆಟ್ಟು, ಇಷ್ಟೇ ಲಾಭ. ಈ ಲೆಕ್ಕ ಕಾಗದದ ಮೇಲೆ ಬಂದಾಗಲೇ ಅವನು 12 ವಾರ ಟೂರ್ನಿ ಬಿಡಲು ಒಪ್ಪಿದ್ದು. ಎಷ್ಟು ಬುದ್ಧಿ ಹೇಳಿದ್ದರೂ ಒಪ್ಪುತ್ತಿರಲಿಲ್ಲ.

ಕ್ರೀಡಾ ವೈದ್ಯರು ಪಟೆಲ್ಲರ್ ಟೆಂಡನ್ (ಮೊಣಕಾಲ ಚಿಪ್ಪಿನ ಕೆಳಗಿನ ಸ್ನಾಯುರಜ್ಜು) ತೊಂದರೆ ಎಂದು ಖಚಿತಪಡಿಸಿದರು. ಲಂಜ್ ಮಾಡುವ, ಅಂದರೆ ಷಟಲ್ ಎತ್ತಲು ಮುಂದಕ್ಕೆ ಚಾಚಿ ಬಾಗುವ ಕಾಲಿಗೆ ಇದು ಬರುವುದು ಸಾಮಾನ್ಯ. ಫಿಸಿಯೋ ಮೊದಲು 45 ಸೆಕೆಂಡಿನ ಸ್ಥಿರ ಹಿಡಿತವನ್ನು (ಮೊಣಕಾಲು ಅಲುಗಿಸದೆ ತೊಡೆಯ ಸ್ನಾಯು ಬಿಗಿಹಿಡಿಯುವುದು) 5 ಸಲ ಮಾಡಿಸಿದರು. ಆಮೇಲೆ ವಾರಕ್ಕೆ ಮೂರು ದಿನ ಭಾರ ಹೊತ್ತು ನಿಧಾನದ ಸ್ಕ್ವಾಟ್. ವ್ಯಾಯಾಮದ ವೇಳೆ ನೋವು ಹತ್ತರಲ್ಲಿ ಮೂರರವರೆಗೆ ಇರಬಹುದು, ಆದರೆ ಮರುದಿನ ಬೆಳಿಗ್ಗೆ ಮೊದಲಿನ ಮಟ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಭಾರ ಕಡಿಮೆ ಮಾಡಬೇಕು. ಕೆಡುವುದು ಸಾಮಾನ್ಯವಾಗಿ ಕೆಲವು ವಾರಗಳಾದ ಮೇಲೆ: ನೋವು ತಗ್ಗಿತೆಂದು ಆಟಗಾರ ಜಂಪ್ ಸ್ಮ್ಯಾಶ್‌ಗೆ (ಎಗರಿ ಬಲವಾಗಿ ಹೊಡೆಯುವ ಹೊಡೆತ) ಮರಳುತ್ತಾನೆ, ರಜ್ಜು ಇನ್ನೂ ಗಟ್ಟಿಯಾಗಿರುವುದಿಲ್ಲ. ಅದಕ್ಕೇ ಮರಳುವ ದಿನವನ್ನು ಫಿಸಿಯೋ ಮತ್ತು ಕೋಚ್ ಸೇರಿ ನಿರ್ಧರಿಸಬೇಕೆಂದು ಮೊದಲೇ ಮಾತಾಯಿತು.

ಕೈ ಬಿಗಿಯುವುದಕ್ಕೆ ಕಾರಣ, 15ಕ್ಕೆ ಬಂದೊಡನೆ ಮನಸ್ಸು ರ‍್ಯಾಂಕಿಂಗ್ ಪಟ್ಟಿಗೆ ಓಡುವುದು. ರ‍್ಯಾಲಿ ಮುಗಿದೊಡನೆ ರ‍್ಯಾಕೆಟ್ಟನ್ನು ಎಡಗೈಗೆ ಬದಲಿಸಿ, ನಾಲ್ಕು ಎಣಿಸುತ್ತ ಉಸಿರೆಳೆದು, ಆರು ಎಣಿಸುತ್ತ ಬಿಡಬೇಕು. 11ರಲ್ಲಿ ಸಿಗುವ 60 ಸೆಕೆಂಡಿನ ವಿರಾಮದಲ್ಲಿ ಒಂದೇ ಒಂದು ತಂತ್ರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಉದಾಹರಣೆಗೆ "ಲಿಫ್ಟ್ ಬೇಸ್‌ಲೈನ್‌ವರೆಗೆ" (ಷಟಲ್ ಅನ್ನು ಎತ್ತರಕ್ಕೆ, ಅಂಕಣದ ಹಿಂದಿನ ಗೆರೆಯವರೆಗೆ ಕಳಿಸುವುದು). ಇದು ಪಂದ್ಯದ ದಿನ ತಾನಾಗಿ ಬರುವುದಿಲ್ಲ. ಅಭ್ಯಾಸದಲ್ಲಿ 15-15ರಿಂದ ಶುರುಮಾಡಿ ಆಡಿಸಲು ಕೋಚ್‌ಗೆ ಸೂಚಿಸಲಾಯಿತು.

ಅಪ್ಪನ ಜೊತೆಗಿನ ಮಾತುಕತೆ ಎಲ್ಲಕ್ಕಿಂತ ಮುಖ್ಯವಾಗಿತ್ತು. ಸೈಟಿನ ಹಣವನ್ನು ಮಗ ಸಾಲವೆಂದು ಹೊತ್ತು ತಿರುಗುತ್ತಿದ್ದ. ಅಪ್ಪ ಹಾಗೆ ಎಣಿಸಿಯೇ ಇರಲಿಲ್ಲ. ಅದನ್ನು ಅವರ ಬಾಯಿಂದಲೇ ಕೇಳಿದ ಮೇಲೆ ಮಗ ನಿರಾಳವಾದ. ಮುಂದಿನ ಒಂದು ವರ್ಷಕ್ಕೆ ಎಷ್ಟು ಹಣ ಎಂದು ಇಬ್ಬರೂ ಕೂತು ಗೊತ್ತುಮಾಡಿಕೊಂಡರು. ಮರಳಿದ ಹತ್ತು ತಿಂಗಳಲ್ಲಿ ಇಂಟರ್‌ನ್ಯಾಷನಲ್ ಚಾಲೆಂಜ್‌ಗಿಂತ ಒಂದು ಹಂತ ಮೇಲಿನ ಸೂಪರ್ 100 ಟೂರ್ನಿಯಲ್ಲಿ ಒಂದು ಕ್ವಾರ್ಟರ್ ಫೈನಲ್ (3,030 ಪಾಯಿಂಟ್) ಆದರೂ ಬರದಿದ್ದರೆ ವಿದೇಶಿ ಟೂರ್ನಿ ನಿಲ್ಲಿಸುವುದೆಂದೂ ಬರೆದುಕೊಂಡರು. ಸೋತ ರಾತ್ರಿ ಇಂಥ ತೀರ್ಮಾನ ಮಾಡಬಾರದು; ಹಾಗಾಗಿ ಗಡುವನ್ನು ಈಗಲೇ ಹಾಕಿಸಿದ್ದು.

ಕೆಲಸದ ದಾರಿಯನ್ನು ಆಟ ಮುಗಿದ ಮೇಲೆ ಹುಡುಕುವುದು ತಡ. ಕ್ರೀಡಾ ಕೋಟಾ ನೇಮಕಾತಿಯಲ್ಲಿ ಇತ್ತೀಚಿನ ವರ್ಷಗಳ ಸಾಧನೆಗೇ ಬೆಲೆ ಹೆಚ್ಚು. ಟೂರ್ನಿಯ ಭಾಗವಹಿಸಿದ ಪತ್ರವೊಂದೇ ಸಾಲದು. ಕೇಂದ್ರ ಸರ್ಕಾರದ ಹುದ್ದೆಗೆ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. ಅಂತರರಾಷ್ಟ್ರೀಯ ಮಟ್ಟದ್ದಕ್ಕೆ ರಾಷ್ಟ್ರೀಯ ಫೆಡರೇಶನ್, ರಾಷ್ಟ್ರೀಯ ಮಟ್ಟದ್ದಕ್ಕೆ ರಾಷ್ಟ್ರೀಯ ಫೆಡರೇಶನ್ ಅಥವಾ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ ಆಗಬೇಕು. ರೈಲ್ವೆಯಲ್ಲಿ ಕೆಲಸ ಸಿಕ್ಕರೆ ಆಟ ನಿಲ್ಲಬೇಕಿಲ್ಲ, ಅವರಿಗೂ ತಂಡವಿದೆ. ಈ 12 ವಾರದೊಳಗೆ ಕಾಗದಪತ್ರ ಒಟ್ಟುಮಾಡುವುದು, ಬಾಕಿ ಉಳಿದ ಬಿ.ಕಾಂ. ಪರೀಕ್ಷೆಗೆ ಕಟ್ಟುವುದು ಅವನ ಪಾಲಿಗೆ ಬಂತು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರನ್ನು ಕಾಣಬೇಕೆಂದೂ ಹೇಳಲಾಗಿದೆ.